ಅನಾನಸಿನ ದಿಂಡಿನ ನೀರು

ಠಾಣೆಯ ಆಚೆ, ತುರ್ಭೆಯ ಹಣ್ಣು ತರಕಾರಿ ಮಾರ್ಕೆಟ್ಟಿನ ಹಿಂದೆ ಸುದರ್ಶನನ ಗಾಲಾ ಇತ್ತು. ಸಣ್ಣ ಕಾರ್ಖಾನೆಗಳಿಗೆಂದು ಸಾಲಾಗಿ ಕಟ್ಟಿದ ಶೆಡ್ಡುಗಳಿಗೆ ಆ ಕಡೆ ಗಾಲಾ ಎನ್ನುತ್ತಾರೆ. ಅಲ್ಲಿ ಹತ್ತಾರು ಹೆಂಗಸರು ತಲೆಗೆ ಟೊಪ್ಪಿ, ಕೈಗೆ ಗವುಸು ಹಾಕಿಕೊಂಡು ಸೇಬು, ಮರಸೇಬು, ಪಪ್ಪಾಯಿ, ಅನಾನಸು ಹೆಚ್ಚಿ ಡಬ್ಬಿ ತುಂಬುತ್ತಿದ್ದರು. ಡಬ್ಬಿಗಳು ಆಫೀಸುಗಳಿಗೆ, ಜಿಮ್ಮುಗಳಿಗೆ, ಮಾಲುಗಳಿಗೆ ಹೋಗುತ್ತಿದ್ದವು. ಠಾಣೆಯ ನೌಪಾಡಾದ ಒಂದು ಜ್ಯೂಸ್ ಸೆಂಟರಿನಲ್ಲಿ ಗ್ಲಾಸು ತೊಳೆಯುವುದರಿಂದ ಶುರುಮಾಡಿದವನು ಸುದರ್ಶನ. ಈಗ ಘೋಡಬಂದರ್ ರಸ್ತೆಯಲ್ಲಿ ಫ್ಲ್ಯಾಟು ಮಾಡಿ ಹೆಂಡತಿ ಮಕ್ಕಳೊಡನೆ ಇದ್ದ.

ಗಾಲಾದ ಒಳಗಿನ ಕೆಲಸವನ್ನೆಲ್ಲ ನೋಡಿಕೊಳ್ಳುತ್ತಿದ್ದವಳು ಅವನ ತಂಗಿ ರಮಿತಾ. ಮೊದಲು ಠಾಣೆಯ ಒಂದು ಆಫೀಸಿನ ಕ್ಯಾಂಟೀನು ನಡೆಸುತ್ತಿದ್ದಳು. ಕೊರೊನಾ ಕಾಲದಲ್ಲಿ ಅದು ಮುಚ್ಚಿದ ಮೇಲೆ ಅಣ್ಣ ಕರೆದನೆಂದು ಇಲ್ಲಿಗೆ ಬಂದಳು. ತಾಯಿ ಅಕ್ಕುವಿನ ಜತೆ ಡೊಂಬಿವಲಿಯಲ್ಲಿ ಇದ್ದಳು. ಮದುವೆ ಬಹಳ ಹಿಂದೆಯೇ ಮುರಿದಿತ್ತು. ಯಾರಾದರೂ "ಪಾಪ, ಗಂಡ ಬಿಟ್ಟನಂತೆ" ಎಂದರೆ ಅವಳು ಅಲ್ಲೇ ತಿದ್ದುವಳು: "ನಾನು ಬಿಟ್ಟದ್ದು."

ಹೆಚ್ಚಿದ ಸೇಬು ಗಾಳಿ ತಾಗಿದರೆ ಕಂದುತ್ತದೆ. ಮನೆಯಲ್ಲಾದರೆ ಅದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಅಂಗಡಿಯ ಡಬ್ಬಿಯೊಳಗೆ ಕಂಡರೆ ಮಾತ್ರ ಅದು ಕೊಳೆತ ಹಣ್ಣು. ಹಾಗಾಗಿ ಸುದರ್ಶನ ಒಂದು ಬಿಳಿ ಪುಡಿ ತರಿಸುತ್ತಿದ್ದ. ನೀಲಿ ಡ್ರಮ್ಮಿನ ನೀರಿಗೆ ಪುಡಿ ಕಲಸಿ, ಅದರಲ್ಲಿ ಹಣ್ಣು ಅದ್ದಿ ತೆಗೆದರೆ ಮುಗಿಯಿತು. ಡ್ರಮ್ಮಿನ ಮುಚ್ಚಳ ತೆಗೆದಾಗಲೆಲ್ಲ ಬೆಂಕಿಕಡ್ಡಿ ಗೀರಿದಂಥ ಘಾಟು ಮೂಗಿಗೆ ಹೊಡೆಯುತ್ತಿತ್ತು.

ಅದ್ದುವ ಕೆಲಸ ಶರಣಬಸಮ್ಮನದು. ಕಲಬುರಗಿಯ ಅಫಜಲಪುರದ ಕಡೆಯವಳು. ಗಂಡ ಅಂಬಾದಾಸ ಮಾರ್ಕೆಟ್ಟಿನಲ್ಲಿ ಹಮಾಲಿ. ಟಿಟ್ವಾಳಾದಲ್ಲಿ ಮನೆ ಅಗ್ಗವೆಂದು ಅಲ್ಲಿದ್ದು, ದಿನವೂ ಎರಡು ಲೋಕಲ್ ಹಿಡಿದು ಬರುವಳು. ಅವಳ ಕೆಮ್ಮು ಗಾಲಾದಲ್ಲಿ ಎಲ್ಲರಿಗೂ ರೂಢಿಯಾಗಿಹೋಗಿತ್ತು. ಒಂದು ಬೆಳಿಗ್ಗೆ ಮಾತ್ರ ಅವಳು ಡ್ರಮ್ಮಿನ ಪಕ್ಕದಲ್ಲೇ ಕುಸಿದು ಕುಳಿತಳು. ಉಸಿರು ಒಳಗೆ ಹೋಗುತ್ತಿಲ್ಲ. ಎದೆಯಿಂದ ಸೀಟಿಯಂಥ ಸದ್ದು. ರಮಿತಾ ಅವಳನ್ನು ರಿಕ್ಷಾದಲ್ಲಿ ಕೂರಿಸಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಕೆಲಸ ಏನೆಂದು ಕೇಳಿ ತಿಳಿದ ಡಾಕ್ಟರು, ಮದ್ದು ಬರೆಯುವುದಕ್ಕೂ ಮೊದಲು, ಆ ಪುಡಿಯ ಹತ್ತಿರ ಹೋಗಬೇಡ ಎಂದರು.

ರಮಿತಾ ಅಣ್ಣನಿಗೆ ಹೇಳಿದಳು.

"ಎಲ್ಲ ಕಡೆ ಅದನ್ನೇ ಹಾಕುದು ಮಾರಾಯ್ತಿ," ಅಂದ ಸುದರ್ಶನ, ಫೋನಿನಿಂದ ತಲೆ ಎತ್ತದೆ. "ಅವಳಿಗೆ ಮೊದಲೇ ದಮ್ಮು ಇದ್ದಿರಬೇಕು. ಅವಳನ್ನು ಬೇರೆ ಮೇಜಿಗೆ ಹಾಕು."

"ಮತ್ತೆ ಡ್ರಮ್ಮಿನ ಹತ್ತಿರ ಯಾರನ್ನು ನಿಲ್ಲಿಸುದು? ನೀನು ನಿಲ್ತೀಯಾ?"

ರಮಿತಾ ಹೋಗಿ ಡ್ರಮ್ಮನ್ನು ಓರೆಮಾಡಿ ಮೋರಿಗೆ ಬಗ್ಗಿಸಿದಳು. ಹೆಂಗಸರೆಲ್ಲ ಕತ್ತಿ ನಿಲ್ಲಿಸಿ ನೋಡಿದರು. "ಇವತ್ತು ಹಣ್ಣು ಕಪ್ಪಾದದ್ದೇ ಹೋಗಲಿ" ಎಂದು ಅವಳು ಡ್ರಮ್ಮಿಗೆ ನೀರು ಹಾಯಿಸಿ ತೊಳೆದಳು.

ಆ ವಾರ ಗಿರಾಕಿಗಳ ಬೈಗುಳದ ಫೋನು ನಿಲ್ಲಲಿಲ್ಲ. ಸುದರ್ಶನ ತಂಗಿಯ ಜತೆ ಮಾತು ಬಿಟ್ಟ. ಪುಡಿಯ ಬದಲು ಬೇರೇನು ಹಾಕಬಹುದೆಂದು ರಮಿತಾ ಹುಡುಕತೊಡಗಿದಳು. ನಿಂಬೆರಸ ಹಾಕಿದರೆ ಸೇಬು ಉಪ್ಪಿನಕಾಯಿಯ ಹಾಗೆ ಹುಳಿ. ಶುಂಠಿ ಹಾಕಿದಾಗ ಜಿಮ್ಮಿನವರು ಇದೇನು ಕಷಾಯವೇ ಎಂದು ಕೇಳಿದರು. ಕೋಕಮ್ಮಿನಿಂದ ಹಣ್ಣೆಲ್ಲ ಕೆಂಪು. ಡೊಂಬಿವಲಿಯ ಅಡುಗೆಮನೆಯಲ್ಲಿ ತಾಯಿ ಅಕ್ಕುವೂ ಸೇರಿಕೊಂಡಳು. "ಬಾಳೆಹೂವನ್ನು ಮಜ್ಜಿಗೆಗೆ ಹಾಕುದಿಲ್ವಾ, ಹಾಗೆಯೇ ಇದನ್ನೂ ಹಾಕು" ಎಂದು ಪಾತ್ರೆ ತುಂಬ ಮಜ್ಜಿಗೆ ಕಡೆದಳು. ಸೇಬು ಬೆಳ್ಳಗೇನೋ ಉಳಿಯಿತು. ಬೆಳಿಗ್ಗೆ ಫ್ರಿಜ್ಜು ತೆಗೆದವರು ಮೂಗು ಮುಚ್ಚಿಕೊಳ್ಳಬೇಕಾಯಿತು, ಅಷ್ಟೆ.

ಕೊನೆಗೆ ಅದು ಸಿಕ್ಕಿದ್ದು ಹುಡುಕದ ಕಡೆ. ಒಂದು ಸಂಜೆ ಮೇಜು ಒರೆಸುವಾಗ ಅನಾನಸಿನ ತಟ್ಟೆಯಲ್ಲಿ ನಾಲ್ಕಾರು ಸೇಬಿನ ಹೋಳು ಬಿದ್ದಿರುವುದು ರಮಿತಾಳ ಕಣ್ಣಿಗೆ ಬಿತ್ತು. ಬೆಳಿಗ್ಗೆ ಯಾರದೋ ಕೈಯಿಂದ ಜಾರಿದವು. ಮೇಜಿನ ಮೇಲೆ ಉಳಿದ ಹೋಳುಗಳು ತುಕ್ಕಿನ ಬಣ್ಣಕ್ಕೆ ತಿರುಗಿದ್ದವು. ಅನಾನಸಿನ ರಸದಲ್ಲಿ ಮುಳುಗಿದವು ಹೆಚ್ಚಿದ ಹೊತ್ತಿನ ಹಾಗೆಯೇ ಬೆಳ್ಳಗಿದ್ದವು. ಅವಳು ಒಂದನ್ನು ಬಾಯಿಗೆ ಹಾಕಿಕೊಂಡಳು. ಸೇಬೇ, ಆದರೆ ಅನಾನಸಿನ ಪರಿಮಳ ಜಾಸ್ತಿ. ರಸದ ಬದಲು ನಡುವಿನ ಗಟ್ಟಿ ದಿಂಡು ಹಾಕಿದರೆ ಹೇಗೆ ಎಂದು ಆಗ ಹೊಳೆಯಿತು. ದಿಂಡಿಗೆ ಪರಿಮಳ ಕಡಿಮೆ, ಹೇಗೂ ದಿನವೂ ಕಸಕ್ಕೆ ಹೋಗುವ ವಸ್ತು. ಅದನ್ನು ರುಬ್ಬಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ನೆಲ್ಲಿಕಾಯಿ ರಸ ಸೇರಿಸಿ, ತಣ್ಣಗೆ ಮಾಡಿದಳು. ಹದ ಬರುವವರೆಗೆ ಮತ್ತೆ ಮತ್ತೆ ಮಾಡಿದಳು. ಹದ ಬಂದ ದಿನ ಶರಣಬಸಮ್ಮ ಬರಿಗೈಯಲ್ಲೇ ಡ್ರಮ್ಮಿನೊಳಗೆ ಕೈಯಾಡಿಸಿ, ಬೆರಳು ನೆಕ್ಕಿ ನಕ್ಕಳು. "ಇದನ್ನ ಕುಡೀಲಾಕೂ ಬರ್ತದಲ್ರಿ ಅಕ್ಕೋರೆ."

ಸುದರ್ಶನ ಡಬ್ಬಿಯೊಂದನ್ನು ಎರಡು ದಿನ ತನ್ನ ಟೇಬಲ್ಲಿನ ಪಕ್ಕದ ಫ್ರಿಜ್ಜಿನಲ್ಲಿ ಇಟ್ಟು ನೋಡಿದ. ಹಣ್ಣು ಕಂದಲಿಲ್ಲ. ಮೂರನೆಯ ದಿನ ತಂಗಿಯ ಜತೆ ಮಾತು ಶುರುಮಾಡಿದ, ಏನೂ ಆಗಿಲ್ಲವೆಂಬಂತೆ. ತಿಂಗಳೊಳಗೆ ಡಬ್ಬಿಗಳ ಮೇಲೆ ಹಸಿರು ಎಲೆಯ ಚಿತ್ರ ಬಂತು. ಸಸ್ಯಸಾರದಿಂದ ಕಾಪಾಡಿದ ಹಣ್ಣು, ಕೆಮಿಕಲ್ ಇಲ್ಲ ಎಂಬ ಬರಹ ಬಂತು. ಆ ಎಲೆ ನೋಡಿಯೇ ಠಾಣೆಯ ಒಂದು ಆಸ್ಪತ್ರೆಯವರು ರೋಗಿಗಳಿಗೆ ದಿನವೂ ಹಣ್ಣಿನ ಡಬ್ಬಿ ಬೇಕೆಂದರು. ಅಲ್ಲಿನ ಆಹಾರ ವಿಭಾಗದ ಮುಖ್ಯಸ್ಥೆ ಪ್ರಫುಲ್ಲಾ ಸ್ವತಃ ಗಾಲಾಕ್ಕೆ ಬಂದು, ಡ್ರಮ್ಮಿನ ನೀರು ನೋಡಿ, ರುಚಿ ನೋಡಿ, ಒಪ್ಪಿ ಹೋಗಿದ್ದರು. ಅವರ ಮನೆಯವರು ಮೂಲದಲ್ಲಿ ಮೂಡುಬಿದಿರೆ ಕಡೆಯವರು, ಅವರು ಹುಟ್ಟಿ ಬೆಳೆದದ್ದೆಲ್ಲ ಠಾಣೆಯಲ್ಲಿ.

ರಮಿತಾಳಿಗೆ ಅದು ತನ್ನ ಬದುಕಿನ ಒಳ್ಳೆಯ ಕಾಲ ಅನ್ನಿಸಿತ್ತು.

ಒಂದು ಸೋಮವಾರ ಸಂಜೆ ಠಾಣೆಗೆ ಹೋಗುವ ಲೋಕಲಿನಲ್ಲಿ ಶರಣಬಸಮ್ಮ ಅವಳ ಪಕ್ಕ ಒತ್ತಿ ಕುಳಿತಳು. ಐರೋಲಿ ದಾಟಿದ ಮೇಲೆ ಮಾತು ತೆಗೆದಳು.

"ಒಂದು ಮಾತು ಹೇಳ್ತೀನ್ರಿ. ಸಿಟ್ಟಾಗಬ್ಯಾಡ್ರಿ."

"ಹೇಳು."

"ಮೊನ್ನೆ ಶನಿವಾರ ನೀವು ಲಗೂ ಹೋದ್ರಿ ಅಲ್ರೀ. ಆಮ್ಯಾಲ ಮಾಲಿಂದ ವಾಪಸ್ ಬಂದ ಡಬ್ಬಿ ಬಿಚ್ಚಿಸಿದ್ರು ಸಾಹೇಬ್ರು. ಹಣ್ಣು ಮತ್ತ ನಿಮ್ಮ ನೀರಾಗ ಮುಳುಗಿಸಂದ್ರು. ಹೊಸಾ ಡಬ್ಬಿ, ಹೊಸಾ ತಾರೀಖು. ಮೊದಲನೆ ಸಲ ಅಲ್ರಿ ಇದು."

"ಆ ಡಬ್ಬಿ ಎಲ್ಲಿಗೆ ಹೋಯ್ತು?"

"ದವಾಖಾನಿಗಿ."

ರಮಿತಾ ಕಿಟಕಿಯ ಕಡೆ ನೋಡಿದಳು. ಹೊರಗೆ ಖಾಡಿಯ ಹಿನ್ನೀರು ಕಾಣುತ್ತಿತ್ತು. ಠಾಣೆಯಲ್ಲಿ ಇಳಿಯುವಾಗ, "ನೀನು ಹೇಳಿದ್ದು ಒಳ್ಳೇದಾಯ್ತು" ಎಂದಷ್ಟೇ ಅಂದಳು.

ಮರುದಿನ ಬೆಳಿಗ್ಗೆ ಅವಳು ನೇರ ಅಣ್ಣನ ಟೇಬಲ್ಲಿಗೆ ಹೋಗಿ ಕೇಳಿದಳು. ಅವನು ಅಲ್ಲಗಳೆಯಲಿಲ್ಲ.

"ನೀರು ನಿನ್ನದೇ ಅಲ್ವಾ? ಹಣ್ಣಿನದ್ದೇ ನೀರು. ವಿಷ ಅಲ್ಲ, ಪುಡಿ ಅಲ್ಲ. ನೋಡಿದರೆ ಈಗಷ್ಟೇ ಹೆಚ್ಚಿದ ಹಾಗೆ ಉಂಟು. ಎಸೆಯುದು ಯಾಕೆ?"

"ಹಣ್ಣಿಗೆ ವಯಸ್ಸಾಗುದು ನಿಲ್ಲುದಿಲ್ಲ ಅಣ್ಣ. ನಮ್ಮ ಕಣ್ಣಿಗೆ ಗೊತ್ತಾಗುದು ಮಾತ್ರ ನಿಲ್ತದೆ. ಹಾಸಿಗೆಯಲ್ಲಿ ಮಲಗಿದವರಿಗೆ ಮೂರು ದಿನದ ಹಣ್ಣು ಕೊಡ್ತೀಯಲ್ಲ ನೀನು."

"ಯಾರಿಗಾದರೂ ಏನಾದರೂ ಆಯ್ತಾ?"

"ಪುಡಿ ಹಾಕ್ತಿದ್ದಾಗಲೂ ಹೀಗೆ ಮಾಡ್ತಿದ್ದೆಯಾ?"

ಅವನು ನಿಜ ಹೇಳಿದ. "ಆಗ ಆಗ್ತಿರಲಿಲ್ಲ. ಎರಡನೇ ಸಲ ಅದ್ದಿದರೆ ಘಾಟು ಬರ್ತಿತ್ತು, ಗಿರಾಕಿಗೆ ಗೊತ್ತಾಗ್ತಿತ್ತು. ನಿನ್ನ ನೀರು ಚಂದ ಉಂಟು. ಏನೂ ಗೊತ್ತಾಗುದಿಲ್ಲ."

ಅವನು ಆ ಮಾತನ್ನು ಹೊಗಳಿಕೆಯಾಗಿಯೇ ಹೇಳಿದ್ದ. ಕೆಟ್ಟ ಪುಡಿಯಿಂದ ಮಾಡಲಾಗದ ಮೋಸವನ್ನು ಅವಳ ಒಳ್ಳೆಯ ನೀರು ಸುಲಭ ಮಾಡಿಕೊಟ್ಟಿತ್ತು.

ಮನೆಯಲ್ಲಿ ಅವಳು ಮತ್ತೆ ದಿಂಡು ರುಬ್ಬಿದಳು. ಈ ಸಲ ಉಲ್ಟಾ ಕೆಲಸ. ನೆಲ್ಲಿಕಾಯಿ ಕಡಿಮೆ, ದಿಂಡು ಕಡಿಮೆ, ನೀರು ಜಾಸ್ತಿ. ಬೆಳಿಗ್ಗೆ ಅದ್ದಿದ ಸೇಬು ಸಂಜೆಯವರೆಗೆ ಬೆಳ್ಳಗಿರಬೇಕು, ರಾತ್ರಿಗೆ ಅಂಚು ಕಂದಬೇಕು, ಮರುದಿನ ಯಾರು ಕಂಡರೂ ಹಳೆಯದೆಂದು ಹೇಳುವ ಹಾಗಿರಬೇಕು. ಒಮ್ಮೆ ಹಾಗೆ ಕಂದಿದ ಹೋಳನ್ನು ಯಾವ ನೀರಿಗೆ ಅದ್ದಿದರೂ ಮೊದಲಿನ ಬಣ್ಣ ಬರುತ್ತಿರಲಿಲ್ಲ. ಹದ ಸಿಕ್ಕಿದ ಮೇಲೆ ಕದ್ದುಮುಚ್ಚಿ ಮಾಡದೆ ಸುದರ್ಶನನ ಎದುರಿಗೆ ಹೋಗಿ ಹೇಳಿದಳು:

"ನಾಳೆಯಿಂದ ನೀರು ತೆಳು. ಹಣ್ಣು ಒಂದು ದಿನಕ್ಕೆ ಮಾತ್ರ. ಮರುದಿನ ಅದೇ ಹೇಳ್ತದೆ, ನಾನು ನಿನ್ನೆಯದ್ದು ಅಂತ."

ಸುದರ್ಶನ ಅವಳ ಮಾತನ್ನು ಸಿಟ್ಟಿನದೆಂದು ಬಿಟ್ಟುಬಿಟ್ಟ. ಆದರೆ ಅವಳು ಹೇಳಿದ ಹಾಗೆಯೇ ಆಯಿತು. ವಾಪಸ್ ಬಂದ ಡಬ್ಬಿಗಳು ತೆರೆಯುವ ಮೊದಲೇ ಕಂದಿದ್ದವು. ಅವನು ಅವನ್ನು ಮತ್ತೆ ಅದ್ದಿಸಿ, ಪಪ್ಪಾಯಿಯ ಕೆಳಗೆ ಸೇಬು ಮುಚ್ಚಿಸಿ ಕಳಿಸಿದ. ಮಧ್ಯಾಹ್ನ ಆಸ್ಪತ್ರೆಯಿಂದ, ಸೇಬು ಕಂದಿದೆ ಎಂದು ಫೋನು ಬಂತು. ಅವನು ಗಾಲಾದ ನಡುವೆ ಬಂದು ನಿಂತ.

"ಮೊದಲಿನ ನೀರು ಮಾಡು."

"ಮಾಡುದಿಲ್ಲ."

"ಇದು ನನ್ನ ಗಾಲಾ ರಮಿತಾ."

"ಗಾಲಾ ನಿನ್ನದು. ಆ ನೀರು ಮಾಡುವ ಕೈ ನಂದು."

"ನಿನ್ನ ಹದ ನನಗೂ ಗೊತ್ತುಂಟು. ನಾನೇ ಮಾಡಿಸ್ತೇನೆ." ಅವನು ಶರಣಬಸಮ್ಮನ ಕಡೆ ತಿರುಗಿ, ಹಿಂದೆ ಪೇರಿಸಿಟ್ಟ ವಾಪಸ್ ಡಬ್ಬಿಗಳನ್ನು ತೋರಿಸಿದ. "ಇದನ್ನೆಲ್ಲ ಬಿಚ್ಚು."

ಶರಣಬಸಮ್ಮ ಗವುಸು ಕಳಚಿದಳು. "ಹೊಸಾ ಹಣ್ಣು ಕೊಡ್ರಿ ಸಾಹೇಬ್ರ, ಎಷ್ಟರ ಕೊಡ್ರಿ, ಹೆಚ್ತೀನಿ. ಹಳೇದು ನಾ ಮುಟ್ಟಂಗಿಲ್ರಿ. ನಮ್ಮವ್ವನೂ ಹಿಂಗೇ ದವಾಖಾನ್ಯಾಗ ಮಲಗಿದ್ಲು. ಅಕಿಗಿ ಯಾರ್ ಏನು ತಿನಸಿದ್ರೋ ನನಗ ಗೊತ್ತಿಲ್ಲ."

ಉಳಿದವರು ತಲೆ ತಗ್ಗಿಸಿ ಹೆಚ್ಚುತ್ತಲೇ ಇದ್ದರು. ಸುದರ್ಶನ ಇಬ್ಬರಿಗೂ ಬಾಗಿಲು ತೋರಿಸಿದ.

ಭಾನುವಾರ ಅವನು ಡೊಂಬಿವಲಿಗೆ ಬಂದ. ತಾಯಿಯನ್ನು ನೋಡಲು ತಿಂಗಳಿಗೊಮ್ಮೆ ಬರುವುದಿತ್ತು, ಈ ಸಲ ಸ್ವಲ್ಪ ಮುಂಚೆಯೇ ಬಂದಿದ್ದ. ಕೈಯಲ್ಲಿ ಹಸಿರು ಎಲೆಯ ಡಬ್ಬಿ. ತಾಯಿಯ ಕಾಲ ಬಳಿ ಕುಳಿತು ಎಲ್ಲ ಹೇಳಿಕೊಂಡ; ತಂಗಿ ತನ್ನ ಹೆಸರು ಹಾಳುಮಾಡುತ್ತಿದ್ದಾಳೆ, ನೀವಾದರೂ ಹೇಳಿ ಎಂದ. ಅಕ್ಕುವಿಗೆ ಮಗನ ಮೇಲೆ ಯಾವತ್ತೂ ಒಂದು ತೂಕ ಪ್ರೀತಿ ಹೆಚ್ಚು.

"ಮನೆಯ ಮಾತು ಮನೆಯಲ್ಲೇ ಇರಲಿ ಮಗಾ," ಎಂದಳು ರಮಿತಾಳಿಗೆ. "ಅಣ್ಣನ ಹೊಟ್ಟೆಗೆ ಹೊಡೆಯಬೇಡ. ಹೋಗಿ ಆ ನೀರು ಮಾಡಿ ಕೊಡು."

ರಮಿತಾ ಡಬ್ಬಿ ಕೈಗೆತ್ತಿಕೊಂಡಳು. ಸೇಬು, ಮರಸೇಬು, ಎರಡು ಹೋಳು ಅನಾನಸು. ಎಲ್ಲೂ ಕಂದಿಲ್ಲ, ಚೊಕ್ಕ.

"ಇದು ಯಾವತ್ತಿಂದು ಅಣ್ಣ?"

"ಇವತ್ತಿಂದೇ. ಅಮ್ಮನಿಗೆ ಅಂತ ಬೆಳಿಗ್ಗೆ ನನ್ನ ಎದುರಿಗೇ ಹೆಚ್ಚಿಸಿ ತಂದದ್ದು."

"ಎದುರಿಗೇ ನಿಂತು ಯಾಕೆ ಹೆಚ್ಚಿಸಿದ್ದು? ಅಲ್ಲಿ ತುಂಬಿಟ್ಟ ಡಬ್ಬಿ ಬೇಕಾದಷ್ಟು ಇರ್ತದಲ್ಲ."

ಅಕ್ಕು ಮಗನ ಮುಖ ನೋಡಿದಳು, ಆಮೇಲೆ ಡಬ್ಬಿ ನೋಡಿದಳು. ಅದನ್ನು ಮಗಳ ಕೈಯಿಂದ ತೆಗೆದುಕೊಂಡು ಅವನ ಪಕ್ಕಕ್ಕೆ ಸರಿಸಿದಳು.

"ನಂಗೆ ಬೇಡ," ಎಂದಳು. "ನಾನು ಬಾಳೆಹಣ್ಣು ತಿಂತೇನೆ. ಅದರ ಸಿಪ್ಪೆ ನಾನೇ ಸುಲಿಯುದು."

ಅವನು ಚಾ ಕುಡಿಯದೆ ಎದ್ದ. ಬಾಗಿಲಿನಲ್ಲಿ ರಮಿತಾ ಅವನಿಗೆ ಹೇಳಿದಳು: "ನಾಳೆ ಠಾಣೆಗೆ ಹೋಗ್ತೇನೆ. ಆಸ್ಪತ್ರೆಗೆ. ನಿನಗೆ ಮೊದಲೇ ಗೊತ್ತಿರಲಿ ಅಂತ ಹೇಳಿದ್ದು. ಬೇಕಾದರೆ ನೀನೇ ಮೊದಲು ಹೋಗಿ ಹೇಳು."

ಅವನು ಹೋಗಲಿಲ್ಲ. ಅವಳು ಹೋದಳು.

ಪ್ರಫುಲ್ಲಾ ಎಲ್ಲ ಕೇಳಿಸಿಕೊಂಡರು. ಆಮೇಲೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಆ ಎಲೆ ನೋಡಿ ನಾನೇ ಸಹಿ ಹಾಕಿದ್ದು. ನ್ಯಾಚುರಲ್ ಅಂತ ಬರೆದಿತ್ತು, ಮತ್ತೇನೂ ಕೇಳಬೇಕಂತ ಅನ್ನಿಸಲೇ ಇಲ್ಲ."

"ನ್ಯಾಚುರಲ್ ಹೌದು ಮೇಡಂ. ಅದು ಸುಳ್ಳಲ್ಲ. ತಾರೀಖು ಸುಳ್ಳು."

"ಸಪ್ಲೈ ನಿಲ್ಲಿಸಿದರೆ ನಿಮ್ಮ ಅಣ್ಣನೇ ಮುಳುಗ್ತಾರೆ. ಯೋಚನೆ ಮಾಡಿದ್ದೀರಾ?"

"ಮಾಡಿಯೇ ಬಂದದ್ದು."

ಆಸ್ಪತ್ರೆ ಡಬ್ಬಿ ನಿಲ್ಲಿಸಿತು. ಸುದ್ದಿ ಹರಡಿ ಇನ್ನೂ ಕೆಲವರು ನಿಲ್ಲಿಸಿದರು. ಗಾಲಾದಲ್ಲಿ ಮೇಜುಗಳು ಖಾಲಿಯಾದವು. ಏನೂ ತಪ್ಪು ಮಾಡದ ಹೆಂಗಸರೂ ಕೆಲಸ ಕಳೆದುಕೊಂಡರು. ಅವರಲ್ಲಿ ಒಬ್ಬಳು, ಜ್ಯೋತಿ, ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ಎದುರಾದಾಗ ಎಲ್ಲರ ಮುಂದೆಯೇ ಕೇಳಿದಳು: "ನಿಮ್ಮ ಸತ್ಯ ನಮ್ಮ ಮನೀಗಿ ಊಟ ಹಾಕ್ತದೇನ್ರಿ ಅಕ್ಕೋರೆ?" ರಮಿತಾ ತಪ್ಪಿಸಿಕೊಳ್ಳಲಿಲ್ಲ. ನಿಂತು ಕೇಳಿಸಿಕೊಂಡಳು. ಆದರೆ ತಿರುಗಿ ಹೋಗಿ ಆ ನೀರು ಮಾಡಿಕೊಡುವ ಯೋಚನೆ ಆಗಲೂ ಅವಳಿಗೆ ಬರಲಿಲ್ಲ.

ಶರಣಬಸಮ್ಮ ಸುಮ್ಮನೆ ಕೂರುವವಳಲ್ಲ. "ಕೆಲಸಾ ಅಂದ್ರ ಏನ್ರಿ, ಹೆಚ್ಚೂದು. ಅದು ನಮ್ಮ ಕೈಯಾಗೇ ಅದಲ್ರಿ" ಎಂದು ಒಂದು ದಿನ ಕತ್ತಿ ಹಿಡಿದುಕೊಂಡೇ ಡೊಂಬಿವಲಿಗೆ ಬಂದಳು. ಕಲ್ಯಾಣ ಸ್ಟೇಶನ್ನಿನ ಹೊರಗೆ ಸಂಜೆ ಹೊತ್ತು ಹೆಂಗಸರು ಹೆಚ್ಚಿದ ತರಕಾರಿ ಮಾರುತ್ತಾರೆ. ಆಫೀಸಿನಿಂದ ಬರುವವರು ಕೊಂಡು ಮನೆಗೆ ಹೋಗಿ ಒಗ್ಗರಣೆಗೆ ಹಾಕುತ್ತಾರೆ. ಆ ಸಾಲಿನ ಕೊನೆಯಲ್ಲಿ ಇಬ್ಬರೂ ಒಂದು ಮೇಜು ಹಾಕಿದರು. ಬಾಳೆಕಾಯಿ, ಬದನೆ, ಸೇಬು, ಪಪ್ಪಾಯಿ. ಅಂಬಾದಾಸ ಮಾರ್ಕೆಟ್ಟಿನಿಂದ ಅನಾನಸಿನ ದಿಂಡು ಚೀಲದಲ್ಲಿ ತಂದು ಕೊಡುತ್ತಿದ್ದ. ನೀರು ತೆಳುವಾದದ್ದೇ. ಕೊಳ್ಳುವವರಿಗೆ ರಮಿತಾ ಮೊದಲೇ ಹೇಳುವಳು: "ಆಜ್ ರಾತ್ ತಕ್ ಖಾನಾ. ಕಲ್ ಕಾಲಾ ಹೋ ಜಾಯೇಗಾ." ಇವತ್ತು ರಾತ್ರಿಯೊಳಗೆ ತಿನ್ನಿ, ನಾಳೆ ಕಪ್ಪಾಗುತ್ತದೆ ಎಂದು. ಕೆಲವರು ಡಬ್ಬಿ ಕೆಳಗಿಟ್ಟು ಹೋಗುತ್ತಿದ್ದರು. ಕೆಲವರು ಅದನ್ನು ಕೇಳಿಯೇ ಕೊಳ್ಳುತ್ತಿದ್ದರು.

ಮೊದಲ ದಿನ ಸಾಲಿನ ಹೆಂಗಸರು ಇವರನ್ನು ಓರೆಗಣ್ಣಿನಿಂದ ನೋಡಿದರು. ಪಕ್ಕದಲ್ಲಿ ಕೂರುವ ಮರಾಠಿ ಹೆಂಗಸನ್ನು ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಅವಳ ಬಾಳೆಕಾಯಿ ದೀಪ ಹಚ್ಚುವ ಹೊತ್ತಿಗೆ ಕರ್ರಗಾಗಿ ಚರಂಡಿಗೆ ಹೋಗುವುದನ್ನು ರಮಿತಾ ಕಂಡಳು. ಕೇಳುವ ಮೊದಲೇ ಹೇಳಿಕೊಟ್ಟಳು. ದಿಂಡು ಎಷ್ಟು, ನೆಲ್ಲಿಕಾಯಿ ಎಷ್ಟು, ನೀರು ಎಷ್ಟು. ಮಾವಶಿ ಅದನ್ನು ಆಚೆಯವಳಿಗೆ ಹೇಳಿದಳು. ಮಳೆಗಾಲ ಮುಗಿಯುವುದರೊಳಗೆ ಇಡೀ ಸಾಲಿನ ಬುಟ್ಟಿಗಳ ಪಕ್ಕದಲ್ಲಿ ಒಂದೊಂದು ಬಕೆಟ್ಟು ಬಂದಿತ್ತು. ಜ್ಯೋತಿ ಕೂಡ ಬಂದಳು. ಕ್ಷಮೆ ಕೇಳಲಿಲ್ಲ, ರಮಿತಾಳಿಗೆ ಅದು ಬೇಕೂ ಇರಲಿಲ್ಲ. ಇನ್ನೊಂದು ಕತ್ತಿ ತೆಗೆದು ಅವಳ ಕೈಗೆ ಕೊಟ್ಟಳು.

ದೀಪಾವಳಿಯ ಹಿಂದಿನ ವಾರ ಸುದರ್ಶನ ಕಲ್ಯಾಣದಲ್ಲಿ ಇಳಿದ. ಜನರ ನೂಕಿನಲ್ಲಿ ಮೇಜಿನ ಎದುರು ಬಂದು ನಿಂತಾಗ ರಮಿತಾ ಗಿರಾಕಿಯೆಂದೇ ತಿಳಿದು ಡಬ್ಬಿ ಚಾಚಿದ್ದಳು. ಅವನು ಸೊರಗಿದ್ದ. ತಾಯಿಯ ಆರೋಗ್ಯ ಕೇಳಿದ. ಸ್ವಲ್ಪ ಹೊತ್ತು ಹೆಚ್ಚುವುದನ್ನು ನೋಡಿದ.

"ಒಂದು ದೊಡ್ಡ ಕಂಪನಿಯವರು ಬಂದಿದ್ದಾರೆ," ಎಂದ ಆಮೇಲೆ. "ಮಹಾಪೆ ಕಡೆಯವರು. ನಿನ್ನ ಆ ಮೊದಲಿನ ನೀರು ಉಂಟಲ್ಲ, ದಪ್ಪದ್ದು, ಅದರ ಹದ ಅವರಿಗೆ ಬೇಕಂತೆ. ಹೆಸರು ನಿನ್ನದೇ ಹಾಕುವಾ. ನಿಂಗೆ ಒಳಗೆ ಕೂತು ಮಾಡುವ ಕೆಲಸ, ಹೀಗೆ ರಸ್ತೆಯಲ್ಲಿ ನಿಲ್ಲುದು ಬೇಡ. ಒಂದೇ ಕಂಡೀಷನ್, ಬೇರೆ ಯಾರಿಗೂ ಅದು ಗೊತ್ತಿರಬಾರದು."

ರಮಿತಾ ಬಾಳೆಕಾಯಿಯ ಸಿಪ್ಪೆ ಕೆತ್ತುತ್ತಲೇ ಪಕ್ಕಕ್ಕೆ ತಿರುಗಿ ಮರಾಠಿಯಲ್ಲಿ ಕೂಗಿದಳು: "ಮಾವಶಿ, ನಿಮ್ಮ ಬಕೆಟ್ಟಿನಲ್ಲಿ ಏನು ಹಾಕಿದ್ದೀರಿ?"

"ಅನನಸಾಚಾ ದಾಂಡಾ ಆಣಿ ಆವಳಾ," ಎಂದಳು ಮಾವಶಿ, ತರಕಾರಿ ತೂಗುತ್ತಾ. ಆ ಕಡೆಯಿಂದ ಇನ್ನೊಬ್ಬಳು ನೆಲ್ಲಿಕಾಯಿ ಕಡಿಮೆ ಹಾಕಬೇಕು, ಒಗರಾಗುತ್ತದೆ ಎಂದು ಸೇರಿಸಿದಳು. ಮತ್ತೊಬ್ಬಳು ಇಲ್ಲ, ಬದನೆಗೆ ಜಾಸ್ತಿಯೇ ಬೇಕು ಎಂದು ವಾದಕ್ಕೆ ಇಳಿದಳು.

ಸುದರ್ಶನ ಸಾಲಿನ ಉದ್ದಕ್ಕೂ ಕಣ್ಣು ಹಾಯಿಸಿದ. ಬಕೆಟ್ಟುಗಳನ್ನು ನೋಡಿದ. "ಎಲ್ಲರಿಗೂ ಹೇಳಿಬಿಟ್ಟೆಯಾ?" ಎಂದು ಕೇಳಿದ ಮೆಲ್ಲಗೆ.

"ತೆಳು ನೀರಿನದ್ದು ಎಲ್ಲರಿಗೂ. ಟಿಟ್ವಾಳಾದಲ್ಲಿ ಶರಣಬಸಮ್ಮ ಹೇಳಿದ್ದಾಳೆ. ದಪ್ಪ ನೀರಿನ ಹದ ಮಾತ್ರ ಯಾರಿಗೂ ಹೇಳಲಿಲ್ಲ. ಅದನ್ನು ನಿನ್ನ ಕಂಪನಿಗೂ ಹೇಳುದಿಲ್ಲ."

"ನಾನು ಹೇಳಿದರೆ?"

"ಹೇಳು. ಅದನ್ನು ಎಲ್ಲೆಲ್ಲಿ ಹಾಕಿ ಮಾರ್ತಾರೋ ಅಲ್ಲೆಲ್ಲ ಹೋಗಿ, ಇದು ಹಣ್ಣಿನ ವಯಸ್ಸು ಮುಚ್ಚುವ ನೀರು ಅಂತ ನಾನೂ ಹೇಳ್ತೇನೆ. ನನಗೆ ಪಾಸು ಉಂಟು, ಲೋಕಲ್ ಉಂಟು."

ಸುದರ್ಶನ ಮೇಜಿನ ಮೇಲಿಂದ ಒಂದು ಪಪ್ಪಾಯಿ ಡಬ್ಬಿ ಎತ್ತಿಕೊಂಡ. ಶರಣಬಸಮ್ಮ ಸಾಹೇಬರೆಂದು ನೋಡದೆ ಎಲ್ಲರಿಗೂ ಹೇಳುವ ಬೆಲೆಯನ್ನೇ ಹೇಳಿ ಹಣ ತೆಗೆದುಕೊಂಡಳು. ಹಿಂದೆ ನಿಂತಿದ್ದ ಒಬ್ಬಳು ಹೆಂಗಸು ಅವನ ಹೆಗಲ ಮೇಲಿಂದ ಕೈ ಚಾಚಿ, ಬಾಳೆಕಾಯಿ ಕೊಡಿ, ಬೇಗ, ಗಾಡಿಗೆ ಹೊತ್ತಾಯಿತು ಎಂದಳು. ರಮಿತಾ ಅಣ್ಣನಿಗೆ ಸ್ವಲ್ಪ ಆಚೆ ಸರಿದು ನಿಲ್ಲಲು ಹೇಳಿ, ಬಾಳೆಕಾಯಿ ತುಂಬಲು ಕೈ ಹಾಕಿದಳು.